ಮಸಿ

ಖಡೇಬಜಾರಿನ ಫ್ರೇಮಿನಂಗಡಿಗೆ
ಕ್ಯಾಂಪಿನ ಬಂಗಲೆಯಿಂದ ಬಂತು ಸಮುದ್ರ,
ಹಳೇ ಜಮಖಾನೆಯಲ್ಲಿ ಸುತ್ತಿಕೊಂಡು, ರಿಕ್ಷಾದಲ್ಲಿ.

ಮೂಲೆಯಲ್ಲಿ ೧೮೬೨. ಎರಡು ಹಡಗು:
ಒಂದಕ್ಕೆ ಹಾಯಿ, ಒಂದಕ್ಕೆ ಚಿಮಣಿ,
ನಡುವೆ ಒರಲೆ ಹಾದುಹೋದ ದಾರಿ.

ದಸ್ತಗೀರಸಾಬರು ಅರಳೆಗೆ ಉಗುಳು ಹಚ್ಚಿ
ಉಗುರಗಲ, ಉಗುರಗಲ ಒರೆಸಿದರು.
ಎಷ್ಟೋ ಮಳೆಗಾಲದ ಕಂದೀಲಿನ ಮಸಿ
ಅರಳೆಗೆ ಇಳಿಯಿತು. ಚಹಾ ಬಂತು, ಆರಿತು.
ಹಾಯಿಯ ಹೊಲಿಗೆ ಕಂಡಿತು.

ಆಮೇಲೆ ಕೈ ನಿಂತಿತು.
“ತಂಗೀ, ನೋಡಿಲ್ಲೆ.
ಇದು ಕಂದೀಲಿನ ಮಸಿನೋ,
ಹಡಗದ ಹೊಗಿನೋ?”

ನನಗೆಲ್ಲಿ ಗೊತ್ತು.
ಚಿಮಣಿಯ ಬಾಯಿ ಆಗಲೇ ಅರ್ಧ ಬರಿದು.
ಅರಳೆಯನ್ನು ಎಸೆಯದೆ
ಮೊಳೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.

ರೊಸಾಲಿನಾ ಬಾಯಿ ದೂರ ನಿಂತು ನೋಡಿದರು:
“ಅಯ್ಯ, ಗಾಳಿ ಬಿಟ್ಟಂಗಾತಲ್ಲ!”

ಸಾಬರು ಚೀಟಿ ಬರೆದರು:
ಗಾಜು, ಕಟ್ಟು, ಮೊಳೆ.
ಒರೆಸಿದ್ದಕ್ಕೆ ಏನೂ ಹಚ್ಚಲಿಲ್ಲ.