ಹನ್ನೊಂದನೇ ನಂಬರು

ಸನ್ಮಾನ ಸಮಿತಿಯವರ ಫೋನು:
ಫ್ಲೆಕ್ಸಿಗೆ ಅವಳ ಮೈಲಿಗಲ್ಲುಗಳು ಬೇಕಂತೆ,
ಎಂಟೇ ಎಂಟು ಸಾಲು, ದಪ್ಪಕ್ಷರಕ್ಕೆ ಒಗ್ಗುವಂತೆ.
ನಾನು ಸ್ಕೋರರು. ಮೂವತ್ತು ವರ್ಷ
ಹಾಸನದ ಸ್ಟೇಡಿಯಮ್ಮಿನ ಕುಂಟು ಮೇಜಿನ ಹಿಂದೆ
ಕೆಂಪು ಪೆನ್ನು, ನೀಲಿ ಪೆನ್ನು,
ಗಾಳಿಗೆ ಹಾಳೆ ಹಾರದಂತೆ ಮೇಲೊಂದು ಕಲ್ಲು.
ನನಗೆ ಗೊತ್ತಿರುವ ಕಲ್ಲು ಅದೊಂದೇ.

ಹೆಸರು ಪುಟ್ಟಲಕ್ಷ್ಮಿ. ಅಜ್ಜಿಯದು.
ಹದಿಮೂರಕ್ಕೇ ಐದಡಿ ಹತ್ತಿಂಚು.
ಹಾಜರಿ ಕೂಗಿದಾಗ ತರಗತಿ ನಗುತ್ತಿತ್ತು,
ಅವಳು ಏಳುತ್ತಿದ್ದಳು,
ಏಳುತ್ತಲೇ ಇರುತ್ತಿದ್ದಳು.
ಅಪ್ಪ ಕಾಳಯ್ಯ, ಎಪಿಎಂಸಿ ಯಾರ್ಡಿನ ಹಮಾಲಿ.
ಬಿತ್ತನೆ ಆಲೂಗಡ್ಡೆ ಬಂದಿಳಿಯುವ ಬೇಸಿಗೆಯ ಕೊನೆಗೆ
ರಜೆಯ ಹುಡುಗಿ ಮೂಟೆಯ ಮೇಲೆ ಕೂತು
ಕೊಳೆತದ್ದನ್ನು ಆರಿಸಿ ಹಿಂದೆ ನೋಡದೆ ಎಸೆಯುವಳು;
ಕುಕ್ಕೆಯೊಳಗೇ ಬೀಳುವುದು.
ಗಡ್ಡೆ ಕೊಳ್ಳಲು ಬಂದ ಪಿಟಿ ಮೇಷ್ಟ್ರು ಬೋರಲಿಂಗಯ್ಯ
ಚೌಕಾಸಿ ಮರೆತು ನಿಂತರಂತೆ.
ಇದು ಅವರೇ ಹೇಳಿದ್ದು; ಅರ್ಧ ನಂಬಬಹುದು.

ತೊಂಬತ್ತೆಂಟು, ಜಿಲ್ಲಾ ಮಟ್ಟ, ಬೇಲೂರಿನ ಹುಡುಗಿಯರ ಮೇಲೆ.
ಅರ್ಧ ಆಟ ಮುಗಿದು ಬದಿ ಬದಲಾಗಿತ್ತು,
ಅವಳಿಗೆ ಯಾರೂ ಹೇಳಿರಲಿಲ್ಲ.
ಚೆಂಡು ಸಿಕ್ಕಿತು, ಓಡಿದಳು, ಒಬ್ಬರೂ ಅಡ್ಡ ಬರಲಿಲ್ಲ,
ಎಷ್ಟು ಚೆಂದ ಹಾಕಿದಳೆಂದರೆ ಬಲೆಗೂ ಗೊತ್ತಾಗಲಿಲ್ಲ.
ಅದು ತಮ್ಮದೇ ಬುಟ್ಟಿ.
ನಿಯಮ ಹೀಗಿದೆ: ಅಂಥ ಎರಡು ಪಾಯಿಂಟು
ಎದುರಾಳಿ ಕ್ಯಾಪ್ಟನ್ನಿನ ಹೆಸರಿಗೆ.
ನಾಲ್ಕನೇ ನಂಬರು, ನಾಜ್ನೀನ್. ಓರೆಗೆರೆ ಎಳೆದೆ.
ಪುಟ್ಟಲಕ್ಷ್ಮಿಯ ಬದುಕಿನ ಮೊದಲ ಬುಟ್ಟಿ
ನನ್ನ ಕೈಬರಹದಲ್ಲಿ ಇನ್ನೊಬ್ಬಳದು.

ಫ್ಲೆಕ್ಸಿಗೆ ಇದು ಬೇಡ. ಫ್ಲೆಕ್ಸಿಗೆ ಬೇಕಾದ್ದು:
ಹದಿನಾರರೊಳಗಿನ ರಾಜ್ಯ ತಂಡ. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ.
ಸಾವಿರದ ಪಾಯಿಂಟು, ಜಲಂಧರದಲ್ಲಿ,
ಅಪ್ಪನ ಬೆನ್ನಿನ ಮೂಟೆಗಳ ಮೇಲೆ ಅಚ್ಚಾಗಿರುತ್ತಿದ್ದ ಊರು.
ಆ ರಾತ್ರಿ ಎಸ್‌ಟಿಡಿ ಬೂತಿನಿಂದ ಕೂಗಿದಳು:
"ಅಪ್ಪಾ, ನಿನ್ನ ಮೂಟೆ ಊರಲ್ಲಿದ್ದೀನಿ!"
"ಬಿತ್ತನೆ ರೇಟು ಎಷ್ಟೈತೆ ಕೇಳವ್ವ," ಅಂದನಂತೆ ಆತ.

ದೇಶದ ಶಿಬಿರಕ್ಕೆ ಮೂರು ಸಲ ಕರೆ,
ಹನ್ನೆರಡರ ಪಟ್ಟಿಯಲ್ಲಿ ಒಂದೇ ಸಲ.
ದೋಹಾದಲ್ಲಿ ನಾಲ್ಕು ನಿಮಿಷ ಆಟ, ಉಳಿದದ್ದು ಬೆಂಚು.
ಪಾಯಿಂಟಿಲ್ಲ. ಎರಡು ಫೌಲು.
ಅಂತರರಾಷ್ಟ್ರೀಯ ಅಂತ ಬರೆದಿದ್ದೇನೆ, ಸುಳ್ಳೇನಲ್ಲ.

ಆಮೇಲೆ ಯಾರೋ ಸಾಹುಕಾರರು ಲೀಗು ಕಟ್ಟಿದರು.
ಸಂಬಳವಿಲ್ಲದ ರಜೆ ಬರೆದುಕೊಟ್ಟು ಹೋದಳು.
ಬೆನ್ನ ಮೇಲೆ ಸಿಮೆಂಟು ಕಂಪನಿಯ ಹೆಸರು, ಕೆಳಗೆ ಹನ್ನೊಂದು.
ಒಂದೇ ಸೀಸನ್ನು; ಮೂರು ತಿಂಗಳ ದುಡ್ಡು ಇವತ್ತಿಗೂ ಬಾಕಿ.
"ಅಪ್ಪನೂ ಬೆನ್ನ ಮೇಲೆ ಸಿಮೆಂಟು ಹೊತ್ತಿದ್ದ ಸಾರ್,
ಅವನಿಗೆ ಸಂಜೆಗೆ ಕೂಲಿ ಎಣಿಸಿ ಕೊಡ್ತಿದ್ರು."

ಮಂಡಿ. ಎಡಗಡೆಯದು.
ದಸರಾ ಕ್ರೀಡಾಕೂಟ, ನಮ್ಮದೇ ಕೋರ್ಟು,
ಹಸಿ ಕಬ್ಬು ಮುರಿದ ಸದ್ದು ಮೇಜಿನವರೆಗೂ ಬಂತು.
ಸ್ಕೋರ್ ಶೀಟಿನಲ್ಲಿ ಅದಕ್ಕೆ ಗುರುತಿಲ್ಲ;
ಬದಲಿ ಆಟಗಾರ್ತಿಯ ನಂಬರು ಬರೆದು ಮುಂದಕ್ಕೆ ಹೋಗಬೇಕು.
ಹದಿನಾಲ್ಕು ತಿಂಗಳಾದ ಮೇಲೆ ಮತ್ತೆ ಬಂದಳು,
ಜಿಗಿಯದೆ ಆಡುವುದನ್ನು ಕಲಿತು ಬಂದಳು.
ಇದನ್ನು ಎಷ್ಟನೇ ಸಾಲಿಗೆ ಹಾಕಲಿ?

ಒಟ್ಟು ಮೂರು ಸಾವಿರದ ಆರುನೂರ ನಲವತ್ತೊಂದು.
ಎರಡು ಸಲ ಕೂಡಿದೆ. ಅಷ್ಟೇ ಬಂತು.

ಎಂಟು ಸಾಲು ಹಿಡಿದು ಜೆರಾಕ್ಸಿಗೆ ಹೋದೆ,
ತಾಲೂಕು ಆಫೀಸಿನ ಎದುರು, ನಾಜ್ನೀನಳ ಅಂಗಡಿ.
ಮದುವೆಯಾಗಿ ಹಾಸನಕ್ಕೆ ಬಂದವಳು.
ಹಾಳೆಯನ್ನು ಗಾಜಿನ ಮೇಲಿಡುವ ಮುಂಚೆ ಪೂರಾ ಓದಿದಳು,
ಮಿಷನ್ನಿನ ಹಸಿರು ಬೆಳಕು ಅವಳ ಗಲ್ಲದಡಿ ಹಾದುಹೋಯಿತು.
"ಇವಳ ಮೇಲೆ ಆಡಿದ್ದೀನಿ ಸಾರ್ ನಾನು.
ಆ ಮ್ಯಾಚಲ್ಲಿ ನಂದು ಹನ್ನೆರಡು. ನೆನಪಿದೆಯಾ?
ನನ್ನ ಮಗಳು ನಂಬೋದೇ ಇಲ್ಲ."

ಆ ಶೀಟು ನನ್ನ ಬೀರುವಿನಲ್ಲಿದೆ.
"ಹನ್ನೆರಡೇ," ಅಂದೆ,
"ಮಗಳನ್ನು ಕಳಿಸು, ತೋರಿಸ್ತೀನಿ."