ಎತ್ತಬೇಡಿ

ಅಸ್ಮಾರಾದಲ್ಲಿ ಸೈಕಲ್ ಕಲಿಯದ ಮಗುವಿಲ್ಲ.
ಬಿದ್ದವರನ್ನು ನೋಡಿಕೊಳ್ಳುವುದನ್ನು ಮಾತ್ರ
ನಮಗೆ ಯಾರೂ ಕಲಿಸಿರಲಿಲ್ಲ.
ಕಲಿಸಲು ಬಂದವಳು ಲೆತೆಬ್ರಹಾನ್,
ಹೆರಿಗೆ ವಾರ್ಡಿನಿಂದ ನಿವೃತ್ತಳಾದ ದಾದಿ,
ಜನ್ಮದಲ್ಲಿ ಒಮ್ಮೆಯೂ ಸೈಕಲ್ ಹತ್ತದವಳು.

ಬೇಕರಿಯ ಹಿಂದಿನ ಶೆಡ್ಡು. ಹನ್ನೊಂದು ಮಂದಿ ನಾವು:
ಬ್ರೆಡ್ಡು ಹಂಚುವವರು, ಇಬ್ಬರು ಮೇಷ್ಟ್ರು,
ರೇಸಿನ ಹುಚ್ಚು ಹತ್ತಿದ ನಾಲ್ಕು ಹುಡುಗಿಯರು,
ಮಂಡಿ ಸವೆದ ಒಕ್ಬಾಜ್ಗಿ, ಮತ್ತೆ ನಾನು.
ನೆಲದ ಮೇಲೊಂದು ಬೊಂಬೆ.
ಎಡಗೈ ಇಲ್ಲ, ಮೂಗಿಗೆ ಅಂಟುಪಟ್ಟಿ,
ಎಷ್ಟು ಸಲ ಬದುಕಿಸಿದರೂ
ಬೇಸರ ಬಿಡದ ಮುಖ.

‘ಟ್ಯೂಬ್ ಇದೆಯಾ?’ ಎಂದಳು.
ತೇಪೆಯ ಮೇಲೆ ತೇಪೆ ಬಿದ್ದ ನನ್ನ ಟ್ಯೂಬು
ಮೇಷ್ಟ್ರ ಕೊರಳಿಂದ ಜೋಲಿಯಾಗಿ ಇಳಿಯಿತು.
ಗಾಳಿ ಪಂಪು ಮುಂಗೈಗೆ ಆಸರೆಯಾಯಿತು.
ಹುಡುಗಿಯರು ನಕ್ಕರು, ಒಬ್ಬರನ್ನೊಬ್ಬರು ಕಟ್ಟಿ
ಬಿಚ್ಚಲಾರದೆ ಮತ್ತೆ ನಕ್ಕರು.
ನಾನು ಗಂಟು ಹಾಕಿದ್ದು ಬಲಗೈಗೆ,
ಮುರಿದದ್ದು ಎಡಗೈಯಂತೆ.

‘ಇದೆಲ್ಲ ಆಮೇಲೆ,’ ಎಂದಳು ಆಕೆ.
‘ಮೊದಲ ಪಾಠ ಎರಡೇ ಅಕ್ಷರದಲ್ಲಿ ಮುಗಿಯಬೇಕಿತ್ತು,
ನಿಮಗಾಗಿ ನಾಲ್ಕು ಮಾಡಿದ್ದೇನೆ:
ಎತ್ತಬೇಡಿ.’

ಹಿಂದೆ, ಮೂಲೆಯಲ್ಲಿ,
ಕಡ್ಡಿ ಬಿಗಿಯುತ್ತಿದ್ದ ಸದ್ದು ನಿಂತಿತು.

ಆ ಶೆಡ್ಡು ಜೆರೆಮರಿಯಮನದು.
ಹನ್ನೆರಡು ವರ್ಷದ ಹಿಂದೆ, ನೆಫಾಸಿತ್ ಇಳಿಜಾರಿನಲ್ಲಿ,
ಪಾಪಾಸುಕಳ್ಳಿಯ ತಿರುವಿನಲ್ಲಿ ಬಿದ್ದವನನ್ನು
ನಾವು ಆರು ಮಂದಿ ಎತ್ತಿದ್ದೆವು.
ಪ್ರೀತಿಯಿಂದಲೇ ಎತ್ತಿದ್ದೆವು,
ಹೂವಿನ ಮೂಟೆ ಎತ್ತುವ ಹಾಗೆ,
ಒಬ್ಬೊಬ್ಬರಿಗೆ ಒಂದೊಂದು ಕೈ, ಕಾಲು,
ತಲೆ ನನ್ನ ಪಾಲಿಗೆ.
ಎತ್ತುವಾಗ ಅವನು ಮಾತಾಡುತ್ತಲೇ ಇದ್ದ,
ಸೈಕಲ್ಲಿಗೇನಾಯಿತು ಅಂತ.
ಈರುಳ್ಳಿ ಲಾರಿಗೆ ಹತ್ತಿಸುವಾಗ ಕೇಳಿದ:
‘ನನ್ನ ಕಾಲು ತರಲಿಲ್ಲವಾ?’

ಈಗ ಕೂತಲ್ಲೇ ಚಕ್ರ ಸರಿಮಾಡುತ್ತಾನೆ.
ಊರಲ್ಲಿ ಅವನಷ್ಟು ನೇರ ಯಾರ ಚಕ್ರವೂ ಓಡುವುದಿಲ್ಲ.
ನಮ್ಮನ್ನು ಅವನು ಯಾವತ್ತೂ ಏನೂ ಅಂದವನಲ್ಲ.

ಲೆತೆಬ್ರಹಾನಳಿಗೆ ಇದು ಗೊತ್ತಿರಲಿಲ್ಲ.
ಅವಳು ಬೊಂಬೆಯ ತಲೆಯನ್ನು ಎರಡು ಅಂಗೈ ನಡುವೆ ಹಿಡಿದು,
‘ಹೀಗೆ. ಅಲುಗಿಸದೆ. ಹೆಸರು ಕೇಳಿ, ಮಾತಾಡಿಸುತ್ತಿರಿ,’
ಎನ್ನುತ್ತಲೇ ಇದ್ದಳು.
ಸ್ವಲ್ಪ ಹೊತ್ತಿಗೆ ಮೂಲೆಯ ಸದ್ದು ಮತ್ತೆ ಶುರುವಾಯಿತು.

ಮೂರು ಭಾನುವಾರ ಕಳೆದು ನಾನು ಬಿದ್ದೆ.
ಮಂಜು; ರಸ್ತೆಯ ನಡುವೆ ಕೂತು
ಮರಿಯ ಹೇನು ಹೆಕ್ಕುತ್ತಿದ್ದ ಬಬೂನು.
ಆಕಾಶ ಕೆಳಗೆ, ಡಾಂಬರು ಮೇಲೆ,
ಆಮೇಲೆ ಒಕ್ಬಾಜ್ಗಿಯ ಮುಖ, ತಲೆಕೆಳಗಾಗಿ.
ಅಂಗೈ ಎರಡೂ ನನ್ನ ಕಿವಿಗಳ ಮೇಲೆ,
ಚೈನಿನ ಎಣ್ಣೆಯ ವಾಸನೆ.
ಪಾಠದ ಅನುಕ್ರಮ ಅವನಿಗೆ ಮರೆತಿತ್ತು,
ತುಟಿ ಅದುರುತ್ತಿತ್ತು. ಕೊನೆಗೆ ಕೇಳಿದ:
‘ನಿ... ನಿನ್ನ ಹೆಸರೇನು?’

ನಲವತ್ತು ವರ್ಷ ಒಂದೇ ಬೆಂಚು, ಒಂದೇ ಬೆಟ್ಟ,
ನನ್ನ ತಂಗಿಯ ಗಂಡ!
ಗಂಭೀರವಾಗಿ ಹೇಳಿದೆ, ‘ಕಿಬ್ರೆಯಾಬ್.’
‘ಈವತ್ತು ಯಾವ ವಾರ?’
‘ನೀನು ಸಾಲ ತೀರಿಸಬೇಕಿದ್ದ ವಾರ.’
ಅವನು ನಗಲಿಲ್ಲ. ನಕ್ಕರೆ ಕೈ ಅಲುಗುತ್ತಿತ್ತು.

ಬಸ್ಸೊಂದು ನಿಂತಿತು. ಜನ ಇಳಿದರು,
ಬಿಳಿ ಶಾಲಿನ ಹೆಂಗಸರು, ಸಿಪಾಯಿ, ಕೋಳಿ ಹಿಡಿದ ಮುದುಕ,
ಎಲ್ಲರ ಕೈಯೂ ನನ್ನತ್ತ, ಎಲ್ಲರ ಕಣ್ಣಲ್ಲೂ ಮರುಕ.
ಆಗ ಒಕ್ಬಾಜ್ಗಿ, ತೊದಲುವ ನಮ್ಮ ಒಕ್ಬಾಜ್ಗಿ,
ಮದುವೆಯಲ್ಲೂ ದನಿ ಏರಿಸದವನು,
ಒಂದಕ್ಷರವೂ ತಡವರಿಸದೆ ಕೂಗಿದ.
ಕಣಿವೆ ಅದನ್ನು ಎರಡು ಸಲ ತಿರುಗಿಸಿ ಹೇಳಿತು.

ಹಲಗೆಯ ಜೊತೆ ಆಂಬುಲೆನ್ಸ್ ಬರುವವರೆಗೆ
ಐವತ್ತು ನಿಮಿಷ ಅವನು ಮಂಡಿಯೂರಿದ್ದ,
ಆ ಸವೆದ ಮಂಡಿಯನ್ನೇ.

ಮುರಿದದ್ದು ಕೊರಳ ಮೂಳೆ, ಅಷ್ಟೇ.
ಜೋಲಿಯಲ್ಲಿ ಕೈಯಿಟ್ಟು ಶೆಡ್ಡಿಗೆ ಹೋದೆ,
ಸೊಟ್ಟ ಚಕ್ರ ಇನ್ನೊಂದು ಕೈಯಲ್ಲಿ.
ಜೆರೆಮರಿಯಮ್ ಅದನ್ನು ಸ್ಟ್ಯಾಂಡಿಗೇರಿಸಿ
ಕಣ್ಣು ಕಿರಿದು ಮಾಡಿ ತಿರುಗಿಸಿದ.
‘ಯಾರು ಎತ್ತಿದರು?’
‘ಯಾರೂ ಎತ್ತಲಿಲ್ಲ.’

ಚಕ್ರ ತಿರುಗುತ್ತಲೇ ಇತ್ತು.
ನಿಲ್ಲುವವರೆಗೂ ನಾವಿಬ್ಬರೂ ಅದನ್ನೇ ನೋಡಿದೆವು.