ಒರೆಗೆ ನಿಲ್ಲದ್ದು

ಸೀತಾಂಗೋಳಿಯ ಸಹಕಾರಿ ಬ್ಯಾಂಕಿನಲ್ಲಿ
ಚಿನ್ನ ನೋಡುವವನು ನಾನು.
ಬೋರ್ಡು ಮಲಯಾಳ, ಫಾರ್ಮು ಮಲಯಾಳ,
ಮೆಟ್ಟಿಲ ಮೇಲೆ ತುಳು, ಕೌಂಟರಿನಲ್ಲಿ ಕನ್ನಡ,
ಲೆಕ್ಕ ಮಾತ್ರ ನನ್ನೊಳಗೆ ಕೊಂಕಣಿಯಲ್ಲೇ ಆಗುವುದು.
ಬಳೆ, ಬೆಂಡೋಲೆ, ಮಗುವಿನ ಉಡಿದಾರ,
ಕೊರಳಿನ ಬಿಸಿ ಇನ್ನೂ ಆರದ ಸರ,
ಎಲ್ಲವನ್ನೂ ಕಲ್ಲಿಗೆ ತಿಕ್ಕಿ, ಒಂದು ತೊಟ್ಟು ಆಸಿಡ್ ಬಿಟ್ಟು
ಉಳಿದ ಗೆರೆಯನ್ನಷ್ಟೇ ನಂಬುತ್ತೇನೆ.
ಹದಿನೇಳು ವರ್ಷ. ಮೋಸ ಹೋದದ್ದು ಮೂರೇ ಸಲ,
ಮೂರರ ತಾರೀಕೂ ಬಾಯಿಪಾಠ ಉಂಟು.

ಗುರುವಾರ, ಊಟದ ಹೊತ್ತಿಗೆ ಸ್ವಲ್ಪ ಮೊದಲು
ಬೇಳದ ಅಪೊಲಿಬಾಯಿ ಬಂದು ಎಡಗೈ ಮುಂದಿಟ್ಟಳು.
ನೀರು ತುಂಬಿ ಬಾತ ಬೆರಳು, ನಡುವೆ ಹೂತುಹೋದ ಉಂಗುರ.
"ತೆಗೆದುಕೊಡು ವಲೇರಿ. ನಾಳೆ ಆಪರೇಶನ್ನು,
ಮೈಮೇಲೆ ಲೋಹ ಇರಬಾರದಂತೆ.
ಸಾಬೂನು ಹಚ್ಚಿದೆ, ತೆಂಗಿನೆಣ್ಣೆ ಹಚ್ಚಿದೆ,
ಸಂತ ಅಂತೋನಿಯವರಿಗೂ ಹೇಳಿದೆ.
ಅವರು ಕಳೆದದ್ದನ್ನು ಹುಡುಕಿ ಕೊಡುವವರು,
ಇದು ಕಳೆಯುವುದೇ ಇಲ್ಲವಲ್ಲ!"

ಸಣ್ಣ ಗರಗಸದಲ್ಲಿ ಕೊಯ್ದೆ, ಮೆಲ್ಲ.
ಉಂಗುರ ಬಾಯಿ ಬಿಟ್ಟಿತು. ಕೆಳಗೆ, ಬೆರಳ ಸುತ್ತ,
ಬಾವಿಕಟ್ಟೆಯ ಪಾಚಿಯ ಹಾಗೆ ಹಸಿರು.
ಕೈ ಸುಮ್ಮನಿರಬೇಕಿತ್ತು. ಕೈಗೆ ಅಭ್ಯಾಸ.
ತಿಕ್ಕಿತು, ತೊಟ್ಟು ಬಿಟ್ಟಿತು.
ಗೆರೆ ನೊರೆಯೆದ್ದು ಕುದಿದು
ಇದ್ದ ಜಾಗದಲ್ಲಿ ಇಲ್ಲವಾಯಿತು.

ಮೂವತ್ತೆಂಟು ವರ್ಷ ಅದನ್ನೇ ತೊಟ್ಟು
ಬೀಡಿ ಕಟ್ಟಿದಳು, ಗೇರುಬೀಜ ಸುಲಿದಳು,
ಕಾಜ್ಮಿರನ ಬಾಯಿಗೆ ಕೊನೆಯ ಚಮಚ ಗಂಜಿ ಇಟ್ಟಳು.
ಹೇಗೆ ಹೇಳುವುದು? ಗಂಟಲು ಸರಿಮಾಡಿಕೊಂಡೆ.

"ಎಂತ, ಹಿತ್ತಾಳೆಯಾ?" ಅವಳೇ ಕೇಳಿದಳು.
"ಗೊತ್ತುಂಟು ಮಾರಾಯ. ಮದುವೆಯ ರಾತ್ರಿಯೇ ಹೇಳಿದ,
ಚಿಮಿಣಿಯ ಎದುರು ಕೂತು, ತಲೆ ಎತ್ತದೆ.
ಹಿಂದಿನ ವಾರ ಕೋರೆಯಲ್ಲಿ ಕಲ್ಲು ಜಾರಿ
ಜೊತೆಗಾರನ ಕಾಲಿನ ಮೇಲೆ ಬಿತ್ತಂತೆ.
ಉಂಗುರ ಮಂಗಳೂರಿನ ಆಸ್ಪತ್ರೆಗೆ ಹೋಯಿತು.
ಪಾದ್ರಿಯವರಿಗೂ ತಿಳಿಯಲಿಲ್ಲ, ತೀರ್ಥ ಚಿಮುಕಿಸಿ ಹರಸಿದರು.
ಸುಳ್ಳು ಹೇಳಬಹುದಿತ್ತು ಅವನಿಗೆ.
ನನ್ನ ಹತ್ತಿರ ಏನು, ಒರೆಗಲ್ಲು ಇತ್ತಾ?"

ಆಮೇಲೆ ಗಾಜಿನಾಚೆಗೆ ಗಲ್ಲ ಎತ್ತಿ ತೋರಿಸಿದಳು.
ಬೆಂಚಿನ ಮೇಲೆ ಮಮ್ಮುಂಞಿ,
ಅವಳ ಎಕ್ಸ್‌ರೇಯ ಚೀಲ ಎದೆಗೊತ್ತಿಕೊಂಡು
ಗಿಡ್ಡಗಾಲನ್ನು ಬಿಸಿಲಿಗೆ ಚಾಚಿ ಕೂತಿದ್ದ.
"ಚಿನ್ನ ಅಲ್ಲಿ ಉಂಟು ನೋಡು.
ಕುಂಟುತ್ತದೆ, ಆದರೂ ನಡೀತದೆ.
ಅವನಿಗೆ ಗೊತ್ತಿಲ್ಲ. ಹೇಳಬೇಡ."

ಬೆಸೆಯುವಾಗ ಚೂರು ಚಿನ್ನ ಸೇರಿಸುತ್ತೇನೆ,
ದುಡ್ಡು ಬೇಡ, ಎಂದೆ. ನಾಚಿಕೆಗೆ ಅಂದದ್ದು.
"ಬೇಡಪ್ಪ. ಬೆರಳಿಗೆ ಗುರುತು ಸಿಗಲಿಕ್ಕಿಲ್ಲ."
ಚೀಟಿ ಬರೆಯಲು ಪೆನ್ನು ತೆಗೆದರೆ
ನಕ್ಕುಬಿಟ್ಟು, ಮಮ್ಮುಂಞಿಯ ಹೆಗಲು ಹಿಡಿದು
ಮೆಟ್ಟಿಲಿಳಿದಳು. ಯಾರು ಯಾರನ್ನು ಇಳಿಸಿದರೋ.

ಆದಿತ್ಯವಾರ ಇಗರ್ಜಿಯಲ್ಲಿ
ನುಸಿಯ ಮಾತು, ತುಕ್ಕಿನ ಮಾತು.
ಕಾಣಿಕೆ ಎಣಿಸುವವರ ಸಾಲಿನಲ್ಲಿ ನಿಂತು
ಮನಸ್ಸಿನಲ್ಲೇ ತರ್ಕಕ್ಕಿಳಿದೆ:
ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ ಪಾದ್ರಿಯವರೇ,
ಇದು ನನ್ನ ಕಸುಬಿನ ಮಾತು.
ಹಿಡಿಯುವುದು ಹಿತ್ತಾಳೆಗೆ. ಹಿಡಿದು, ಹಸಿರಾಗಿ,
ಚರ್ಮದೊಳಗೆ ಇಳಿದು,
ಉಂಗುರ ತೆಗೆದ ಮೇಲೂ ಉಂಗುರವಾಗಿ.

ಇವತ್ತಿಗೆ ಹನ್ನೊಂದು ದಿನ.
ಅವಳು ಆಸ್ಪತ್ರೆಯಲ್ಲಿದ್ದಾಳೆ, ಗಂಜಿ ಕುಡಿದಳಂತೆ.
ಬ್ಯಾಂಕಿನ ಕಪಾಟಿನಲ್ಲಿ ಪರರ ನಾಲ್ಕು ಕಿಲೋ ಬಂಗಾರ,
ಒಂದೊಂದಕ್ಕೂ ಚೀಟಿ, ಸಹಿ, ಮೇಣದ ಮುದ್ರೆ.
ಚೀಟಿಯಿಲ್ಲದೆ ನನ್ನ ಕೈಗೆ ಬಂದದ್ದು ಇದೊಂದೇ,
ಕಪಾಟಿನಲ್ಲಿಡಲು ಮನಸ್ಸಾಗಲಿಲ್ಲ.
ಅಂಗಿಯ ಕಿಸೆಯಲ್ಲಿ ಉಂಟು. ಬಸ್ಸಿನಲ್ಲಿ, ಊಟದ ನಡುವೆ
ಮುಟ್ಟಿ ನೋಡಿಕೊಳ್ಳುತ್ತೇನೆ.

ನಿನ್ನೆ ಒಗೆಯಲು ಕೂತ ಹೆಂಡತಿ ಕೂಗಿದಳು:
ಇದೆಂತ, ಕಿಸೆಯ ಮೂಲೆಯಲ್ಲಿ ಹಸಿರು ಕಲೆ,
ಎಷ್ಟು ಉಜ್ಜಿದರೂ ಹೋಗುವುದಿಲ್ಲವಲ್ಲ?